ಒಂದೂವರೆ ಎಣಿಕೆ

ಮೊನ್ನೆ ಎದುರು ಮನೆಯವರು ಕೂಲರ್‌ಗೆ ಹೊಸ ಲಾವಂಚ ಕಟ್ಟಿಸುತ್ತಿದ್ದರು. ಕಟ್ಟುವ ಭಯ್ಯಾ ನೀರು ಹೊಯ್ದು ಫ್ಯಾನ್ ತಿರುಗಿಸಿದ್ದೇ ತಡ, ಆ ಹಸಿ ಬೇರಿನ ವಾಸನೆ ಬೀದಿ ದಾಟಿ ನಮ್ಮ ಬಾಲ್ಕನಿಗೆ ಬಂತು. ದಿಲ್ಲಿಯ ಈ ಜನಕಪುರಿಯಲ್ಲಿ ಈಗ ಎಲ್ಲರ ಮನೆಗೂ ಎಸಿ ಬಂದು ಈ ವಾಸನೆ ಅಪರೂಪವಾಗಿದೆ. ಒದ್ದೆ ಬಟ್ಟೆ ಹರವುತ್ತಿದ್ದವಳು ಅರ್ಧಕ್ಕೇ ಬಿಟ್ಟು ಒಳಗೆ ಬಂದು ಕೂತೆ. ಗಂಡ ಗಿರೀಶ್ "ಏನಾಯ್ತು?" ಎಂದರು. "ಬಿಸಿಲು" ಎಂದೆ.

ಬಿಸಿಲಲ್ಲ. ಮೂರು ವರ್ಷದ ಹಿಂದೆ ಒಂದು ಇಡೀ ಬೇಸಿಗೆಯನ್ನು ನಾನು ಈ ವಾಸನೆಯ ಪಕ್ಕದಲ್ಲಿ ಕೂತು ಕಳೆದಿದ್ದೆ. ಆ ಬೇಸಿಗೆಯಲ್ಲಿ ಒಬ್ಬರಿಗೆ ನಾನು ಏನು ಮಾಡಿದೆ ಎಂಬುದನ್ನು ಗಿರೀಶ್‌ಗೂ ಪೂರ್ತಿ ಹೇಳಿಲ್ಲ.

ನಾನಾಗ ರೋಹಿಣಿ ಬಡಾವಣೆಯ ಒಂದು ಖಾಸಗಿ ಶಾಲೆಯಲ್ಲಿ ಸಂಗೀತದ ಎರಡನೇ ಟೀಚರ್, ವರ್ಷ ವರ್ಷಕ್ಕೆ ಕರಾರು ಬರೆಸಿಕೊಳ್ಳುವವಳು. ಮೊದಲನೆಯವರು ಪ್ರಹ್ಲಾದ ರಾವ್. ತಮ್ಮ ಅಣ್ಣನಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ ಸಿಕ್ಕಿದಾಗ ಅವರ ಜೊತೆ ಮೈಸೂರಿನಿಂದ ಬಂದವರು ಅಣ್ಣ ವರ್ಗವಾಗಿ ಹೋದರೂ ಇಲ್ಲೇ ಉಳಿದುಬಿಟ್ಟಿದ್ದರು. ಆ ಶಾಲೆಯಲ್ಲಿ ಅವರಿಗೆ ಇಪ್ಪತ್ತೆರಡು ವರ್ಷ. ಬೆಳಗಿನ ಪ್ರಾರ್ಥನೆ, ಧ್ವಜದ ಹಾಡು, ಕ್ರೀಡಾದಿನದ ಹಾಡು, ಹನ್ನೆರಡನೇ ಕ್ಲಾಸಿನವರನ್ನು ಬೀಳ್ಕೊಡುವ ಹಾಡು, ಎಲ್ಲ ಅವರದೇ. ಹಿಂದಿ ಟೀಚರ್‌ಗಳು ಸಾಹಿತ್ಯ ಬರೆದುಕೊಟ್ಟರೆ ಅದಕ್ಕೆ ನಮ್ಮ ರಾಗ ಹಚ್ಚುತ್ತಿದ್ದರು. ರೋಹಿಣಿಯ ಪಂಜಾಬಿ ಮಕ್ಕಳು ತಮಗೇ ಗೊತ್ತಿಲ್ಲದೆ ದಿನಾ ಬೆಳಗ್ಗೆ ಮೋಹನ, ಹಂಸಧ್ವನಿ ಹಾಡುತ್ತಿದ್ದರು.

ನನಗೆ ಆ ಕೆಲಸ ಕೊಡಿಸಿದ್ದೂ ಅವರೇ. ಜನಕಪುರಿಯ ಕನ್ನಡದವರ ಗಣೇಶೋತ್ಸವದಲ್ಲಿ ನಾನು ಹಾಡಿದ್ದನ್ನು ಕೇಳಿ ಹತ್ತಿರ ಬಂದು, "ಚಿಕ್ಕ ಮಕ್ಕಳಿಗೆ ಒಬ್ಬರು ಬೇಕಾಗಿದ್ದಾರೆ, ಬರ್ತೀರಾ?" ಎಂದು ಕೇಳಿ, ಮರುವಾರ ಪ್ರಿನ್ಸಿಪಾಲರ ಮುಂದೆ ಕೂರಿಸಿದ್ದರು. ಎರಡು ಕಡೆ ಮೆಟ್ರೊ ಬದಲಿಸಿ ಹೋಗುವ ಕೆಲಸವಾದರೂ ನನಗೆ ಅದು ಬೇಕಿತ್ತು. ಸಂಬಳಕ್ಕಿಂತ ಹೆಚ್ಚಾಗಿ, ಯಾರಾದರೂ ನನ್ನನ್ನು 'ಮ್ಯಾಮ್' ಎನ್ನಬೇಕಿತ್ತು.

ಅವರು ದೇವರಂಥ ಮನುಷ್ಯರೇನೂ ಅಲ್ಲ. ಇದನ್ನು ಹೇಳಲೇಬೇಕು, ಏಕೆಂದರೆ ಆಮೇಲೆ ಎಷ್ಟೋ ಸಲ ನಾನು ಇದನ್ನೇ ಹಿಡಿದುಕೊಂಡಿದ್ದೇನೆ. ಶ್ರುತಿ ಸೇರದ ಒಬ್ಬ ಹುಡುಗಿಗೆ ಇಡೀ ಕೋರಸ್ ಎದುರು, ನೀನು ಹಾಡಬೇಡ, ಬರೀ ತುಟಿ ಆಡಿಸು ಸಾಕು ಎಂದಿದ್ದರು. ಆ ಹುಡುಗಿ ವರ್ಷಪೂರ್ತಿ ತುಟಿ ಆಡಿಸಿತು. ಒಮ್ಮೆ ನಾನು ಕಲ್ಯಾಣಿ ಹೇಳಿಕೊಡುತ್ತಿದ್ದಾಗ ಬಾಗಿಲಲ್ಲಿ ನಿಂತು, "ನಿಮ್ಮದು ಪರೀಕ್ಷೆ ಪಾಸಾದ ಸಂಗೀತ ಕಣ್ರೀ" ಎಂದು ನಕ್ಕು ಹೋಗಿದ್ದರು. ಮಕ್ಕಳಿಗೆ ಕನ್ನಡ ಅರ್ಥವಾಗಲಿಲ್ಲ. ನನಗೆ ಆಯಿತು.

ಆ ವರ್ಷ ಮಾರ್ಚ್‌ನಲ್ಲಿ, ಪರೀಕ್ಷೆಗಳ ಗಲಾಟೆಯ ನಡುವೆ, ಪ್ರಿನ್ಸಿಪಾಲ್ ಮೇಡಂ ನನ್ನನ್ನು ಕೋಣೆಗೆ ಕರೆದರು. ಕೊರೊನಾದ ಆನ್‌ಲೈನ್ ಕ್ಲಾಸುಗಳ ಕಾಲದಲ್ಲಿ ನಾನು ಮನೆಯಲ್ಲೇ ಕೂತು ಒಂದು ತಂತ್ರಾಂಶ ಕಲಿತಿದ್ದೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವಂಥದ್ದು. ಪಾಶ್ಚಾತ್ಯರ ಐದು ಗೆರೆಯ ಮೇಲೆ ಸ್ವರಗಳನ್ನು ಕೂರಿಸಿದರೆ ಅದು ತಾನೇ ನುಡಿಸಿ ತೋರಿಸುತ್ತದೆ. ಕೊಂಡಿ ಕಳಿಸಿದರೆ ಮಕ್ಕಳು ಮೊಬೈಲಿನಲ್ಲೇ ತೆರೆದು, ವೇಗ ಕಮ್ಮಿ ಮಾಡಿಕೊಂಡು, ತಮಗೆ ಬಾರದ ಒಂದೇ ಸಾಲನ್ನು ಹತ್ತು ಸಲ ಕೇಳಿ ಕಲಿಯಬಹುದು. ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಕ್ಕಳೂ ಸೋಮವಾರ ಬರುವಾಗ ಪಾಠ ಒಪ್ಪಿಸುತ್ತಿದ್ದರು. ಅದನ್ನು ಮೇಡಂ ಗಮನಿಸಿದ್ದರು.

"ದೇಖಿಯೇ ವಸುಧಾ," ಎಂದರು. ಉಳಿದದ್ದನ್ನು ನಿಧಾನವಾಗಿ, ನನಗೆ ಅರ್ಥವಾಗುವ ಹಿಂದಿಯಲ್ಲಿ ಹೇಳಿದರು. ಜುಲೈನಿಂದ ಸಂಗೀತಕ್ಕೆ ಒಂದೇ ಹುದ್ದೆ. ಕೀಬೋರ್ಡು, ಗಿಟಾರು ಕಲಿಸಲು ಹೊರಗಿನವರು ಬರುತ್ತಾರೆ. ಶಾಲೆಗೆ ಆರ್ಕೆಸ್ಟ್ರಾ ಬೇಕು, ಆದ್ದರಿಂದ ಎಲ್ಲವೂ ಐದು ಗೆರೆಯಲ್ಲಿ ಇರಬೇಕು. "ಆದರೆ ರಾವ್ ಸರ್ ಹಾಡುಗಳಿವೆಯಲ್ಲ, ಅವು ಈ ಶಾಲೆಯ ಗುರುತು. ಅವು ಅವರ ತಲೆಯಲ್ಲಿವೆ, ಇಲ್ಲವಾದರೆ ಅವರ ಆ ಹಳೇ ಡೈರಿಗಳಲ್ಲಿ. ಅದನ್ನು ಓದಲು ನಿಮ್ಮೊಬ್ಬರಿಗೇ ಬರುತ್ತದೆ."

ನಿಜ. ಮೂರು ಡೈರಿಗಳ ತುಂಬ ಅವರು ಸರಿಗಮಪದನಿ ಬರೆದಿಟ್ಟದ್ದು ಕನ್ನಡದಲ್ಲಿ. ಇಡೀ ಶಾಲೆಯಲ್ಲಿ ಕನ್ನಡ ಓದುವವರು ನಾವಿಬ್ಬರೇ.

"ರಜೆಯಲ್ಲಿ ಅವರ ಜೊತೆ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ. ಆಮೇಲೆ ಆ ಹುದ್ದೆ ನಿಮ್ಮದು. ಖಾಯಂ." ಮೇಡಂ ಎದ್ದು ನಿಂತರು. "ಬಾತ್ ಹಮ್ ದೋನೋಂ ಕೇ ಬೀಚ್ ರಹೇ." ಈ ಮಾತು ನಮ್ಮಿಬ್ಬರ ನಡುವೆಯೇ ಇರಲಿ.

ನಾನು 'ಜೀ ಮ್ಯಾಮ್' ಎಂದೆ. ಯೋಚಿಸಲು ಒಂದು ದಿನ ಕೊಡಿ ಎಂದೂ ಕೇಳಲಿಲ್ಲ.

ಸಂಜೆ ಗಿರೀಶ್‌ಗೆ ಹೇಳಿದಾಗ ಅವರು ತಟ್ಟೆಯ ಮೇಲಿನ ಕೈ ಎತ್ತಿ, "ಅವರಿಗೆ ಹೇಳ್ಬಿಡು. ಬೇರೆ ಕಡೆ ನೋಡ್ಕೊಳ್ಳೋಕೆ ಟೈಮಾದ್ರೂ ಸಿಗುತ್ತೆ" ಎಂದರು.

"ಹೇಳಿದ್ರೆ ಡೈರಿ ಕೊಡ್ತಾರಾ?"

ಗಿರೀಶ್ ನನ್ನ ಮುಖ ನೋಡಿದರು. ಆಮೇಲೆ ಆ ವಿಷಯ ನಮ್ಮ ಮನೆಯಲ್ಲಿ ಬರಲಿಲ್ಲ.

ರಾವ್ ಸರ್‌ಗೆ ನಾನು ಹೇಳಿದ್ದು ಇಷ್ಟು: "ಸರ್, ನಿಮ್ಮ ಹಾಡುಗಳನ್ನೆಲ್ಲ ಸೇರಿಸಿ ಒಂದು ಸಂಗ್ರಹ ಮಾಡಬೇಕಂತೆ." ಅವರು ಸ್ಟಾಫ್ ರೂಮಿನ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಮೇಡಂ ಹೇಳಿದ್ರಾ? ಅವರೇ?" ಎಂದು ಎರಡು ಸಲ ಕೇಳಿದರು. ಮಾರನೆಯ ದಿನವೇ ಮೂರು ಡೈರಿಗಳನ್ನೂ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ ತಂದರು.

ಮೇ ಮಧ್ಯದಲ್ಲಿ ಶಾಲೆಗೆ ರಜೆ ಬಿತ್ತು. ದಿನಾ ಹತ್ತಕ್ಕೆ ನಾನು ಹೋಗುವ ಹೊತ್ತಿಗೆ ಅವರು ಗೇಟಿನ ಬಳಿ ಛತ್ರಿ ಹಿಡಿದು ನಿಂತಿರುತ್ತಿದ್ದರು. ಅವರ ಮನೆ ಅಲ್ಲೇ ಎರಡು ಸೆಕ್ಟರ್ ಆಚೆ. ರಜೆಯಲ್ಲಿ ಎಸಿ ಹಾಕಬಾರದೆಂದು ಆಫೀಸಿನ ಕಟ್ಟಪ್ಪಣೆ ಇದ್ದುದರಿಂದ ಚೌಕಿದಾರ ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಒಂದು ತಗಡಿನ ಕೂಲರ್ ತಂದಿಟ್ಟಿದ್ದ. ಹೊರಗೆ ಲೂ ಎಂಬ ಬಿಸಿಗಾಳಿ ಬೀಸುತ್ತಿತ್ತು. ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತಿತ್ತು. ಒಳಗೆ ಲಾವಂಚದ ತಂಪು, ಮೂವತ್ತು ಕಪ್ಪು ಪರದೆಗಳು, ನಾವಿಬ್ಬರು.

ಮೊದಲ ದಿನ ಅವರಿಗೆ ಆ ತಂತ್ರಾಂಶ ಸೇರಲಿಲ್ಲ. ಪ್ರಾರ್ಥನೆಯ ಮೊದಲ ಸಾಲು ಹಾಕಿ ನುಡಿಸಿ ತೋರಿಸಿದೆ. ಅವರ ಕಂಠದಲ್ಲಿ ಕಂಪಿಸಿ ಜಾರುವ ಗಾಂಧಾರ ಅಲ್ಲಿ ಟಿಕ್ ಟಿಕ್ ಎಂದು ಬಿಡಿಬಿಡಿಯಾಗಿ ಕೇಳಿಸಿತು. "ಇದು ಹಾಡೋದಲ್ಲ, ಮೆಟ್ಟಿಲು ಹತ್ತೋದು" ಎಂದರು. ಷಡ್ಜವನ್ನು ಒಂದು ಕಡೆ ಕೂರಿಸಿದ್ದಕ್ಕೂ ತಕರಾರು. "ಮಗು ಗಂಟಲು ಎಲ್ಲಿದೆಯೋ ಅಲ್ಲಿ ಸ. ಇವರು ನೋಡಿದ್ರೆ ಮೊಳೆ ಹೊಡೆದು ಕೂರಿಸಿದ್ದಾರೆ."

ಆದರೆ ಒಂದು ವಾರದ ಮೇಲೆ ಧ್ವಜದ ಹಾಡಿಗೆ ಬಂದೆವು. ಡೈರಿಯಲ್ಲಿ ಆ ಹಾಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಸ್ವರ ಇತ್ತು. ಏನಿದು ಸರ್ ಎಂದರೆ, "ಅದು ಬಿಡಿ, ದೊಡ್ಡ ಹುಡುಗರು ಕೆಳಗಿನಿಂದ ಹಾಡಲಿ ಅಂತ ಬರೆದಿದ್ದೆ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಆಗಲಿಲ್ಲ. ಅವರಿಗೆ ಎರಡು ಸಾಲು ಒಟ್ಟಿಗೆ ಹಿಡಿಯೋಕೆ ಬರಲಿಲ್ಲ" ಎಂದರು. ನಾನು ಮೇಲಿನ ಸಾಲನ್ನು ಕೊಳಲಿಗೆ, ಕೆಳಗಿನದನ್ನು ಸೆಲ್ಲೊಗೆ ಕೊಟ್ಟು ಗುಂಡಿ ಒತ್ತಿದೆ. ಎರಡೂ ಒಟ್ಟಿಗೆ ಬಂದವು. ಅವರು ಕನ್ನಡಕ ತೆಗೆದರು. "ಮತ್ತೆ ಹಾಕು" ಎಂದರು. ಅಲ್ಲಿಂದ ನಾನು ಅವರಿಗೆ 'ನೀನು' ಆದೆ.

ಅಂದು ಅವರು ಆ ಹಾಡನ್ನು ಒಂಬತ್ತು ಸಲ ಕೇಳಿದರು. ನಾನು ಪಕ್ಕದಲ್ಲಿ ಕೂತು, ಇನ್ನು ಎಷ್ಟು ಹಾಡು ಉಳಿದಿವೆ ಎಂದು ಲೆಕ್ಕ ಹಾಕುತ್ತಿದ್ದೆ. ಒಟ್ಟು ನಲವತ್ತೊಂದು ಇದ್ದವು.

ಆಮೇಲೆ ಅವರಿಗೂ ಕಲಿಯುವ ಹುಚ್ಚು ಹತ್ತಿತು. "ನನಗೂ ಒಂದು ಖಾತೆ ತೆಗೆದುಕೊಡು" ಎಂದರು. ಐವತ್ತೈದರ ವಯಸ್ಸಿನಲ್ಲಿ ಒಂದು ಬೆರಳಿನಿಂದ, ಇರುವೆ ಹಿಡಿಯುವವರ ಹಾಗೆ ಮೌಸ್ ಓಡಿಸುತ್ತಾ ಸ್ವರ ಹಾಕತೊಡಗಿದರು. ಪ್ರತಿ ಹಾಡಿನ ತಲೆಯ ಮೇಲೆ 'ರಚನೆ' ಎಂಬ ಕಡೆ ತಮ್ಮ ಹೆಸರನ್ನು ತಾವೇ ಟೈಪ್ ಮಾಡುತ್ತಿದ್ದರು. ಮನೆಯಿಂದ ಪದ್ಮಾ ಆಂಟಿ, ಅವರ ಹೆಂಡತಿ, ನನಗೂ ಸೇರಿಸಿ ಚಿತ್ರಾನ್ನವನ್ನೋ ಮೊಸರನ್ನವನ್ನೋ ಡಬ್ಬಿ ಕಟ್ಟಿ ಕಳಿಸುತ್ತಿದ್ದರು. ನಾನು ತಿಂದೆ. ದಿನಾ ತಿಂದೆ.

ಅವರಿಗೆ ಒಂದೇ ಒಂದು ವಿಷಯ ತಲೆಗೆ ಹತ್ತುತ್ತಿರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಾಡು ತಾಳದ ಮೊದಲ ಪೆಟ್ಟಿನಲ್ಲೇ ಶುರುವಾದರೆ ಸ್ವರಗಳನ್ನು ಒಂದರ ಹಿಂದೆ ಒಂದು ತುಂಬುತ್ತಾ ಹೋದರಾಯಿತು. ಆದರೆ ನಮ್ಮಲ್ಲಿ ಪೆಟ್ಟು ಬಿದ್ದ ಮೇಲೆ ಒಂದೂವರೆ ಎಣಿಕೆ ಬಿಟ್ಟು ಎತ್ತುವ ಹಾಡುಗಳು ಬೇಕಾದಷ್ಟು. ಅಂಥದ್ದಾದರೆ, ಮೊದಲು ಆ ಒಂದೂವರೆ ಎಣಿಕೆಯ ಮೌನವನ್ನು ಬರೆಯಬೇಕು. ಮೌನಕ್ಕೂ ಅಲ್ಲಿ ಒಂದು ಗುರುತಿದೆ. ರಾವ್ ಸರ್ ಅದನ್ನು ಪ್ರತಿ ಸಲ ಮರೆಯುತ್ತಿದ್ದರು. ಆ ಮೌನ ಅವರ ತೊಡೆಯ ಮೇಲಿನ ತಾಳದಲ್ಲೇ ಇತ್ತು. ಅದು ಬರೆಯಬೇಕಾದ ವಸ್ತು ಎಂದು ಅವರಿಗೆ ಅನ್ನಿಸುತ್ತಲೇ ಇರಲಿಲ್ಲ. ಎಲ್ಲ ತುಂಬಿದ ಮೇಲೆ ಮುಂದೆ ಮೌನ ಸೇರಿಸಲು ಹೋದರೆ ಅದು ಸ್ವರಗಳನ್ನು ಆಚೆ ತಳ್ಳುವುದಿಲ್ಲ, ನುಂಗಿಬಿಡುತ್ತದೆ. ಬಿಡಿಸಿಕೊಳ್ಳುವ ದಾರಿ ಸುಲಭ. ಎಲ್ಲವನ್ನೂ ಒಟ್ಟಿಗೆ ಆರಿಸಿ, ಕತ್ತರಿಸಿ, ಒಂದೂವರೆ ಎಣಿಕೆ ಆಚೆ ಅಂಟಿಸಿದರೆ ಮುಗಿಯಿತು.

"ಅಯ್ಯೋ, ಮತ್ತೆ ತಪ್ಪಿತು. ನೀನೇ ಸರಿ ಮಾಡಮ್ಮ" ಎಂದು ಅವರು ಎದ್ದು ನೀರು ಕುಡಿಯಲು ಹೋಗುತ್ತಿದ್ದರು. ಬರುವಷ್ಟರಲ್ಲಿ ನಾನು ಸರಿ ಮಾಡಿಟ್ಟಿರುತ್ತಿದ್ದೆ. ಮೊದಮೊದಲು ಅದರಲ್ಲಿ ಕಪಟವೇನೂ ಇರಲಿಲ್ಲ. ಕಲಿಸುವುದಕ್ಕಿಂತ ಮಾಡಿಬಿಡುವುದು ಬೇಗ ಆಗುತ್ತಿತ್ತು, ಅಷ್ಟೆ.

ಜೂನ್ ಕೊನೆಯ ವಾರ ನಲವತ್ತೊಂದೂ ಮುಗಿದವು. ಅಂದು ಮಧ್ಯಾಹ್ನ ಧೂಳಿನ ಬಿರುಗಾಳಿ ಎದ್ದು ಆಕಾಶ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಮೇಡಂ ಮತ್ತೆ ಕರೆದರು. ಮೊದಲು ಹಾಡುಗಳನ್ನು ತೆರೆದು ನೋಡಿ ಸಂತೋಷಪಟ್ಟರು. ಆಮೇಲೆ 'ರಚನೆ'ಯ ಮೇಲೆ ಬೆರಳಿಟ್ಟು, "ಇಲ್ಲಿ ಶಾಲೆಯ ಹೆಸರು ಇರಲಿ" ಎಂದರು. ನಾನು ಅವರ ಎದುರೇ ಕೂತು ಬದಲಾಯಿಸಿದೆ. ಒಂದೊಂದಾಗಿ, ನಲವತ್ತೊಂದು ಸಲ.

ಅದು ಮುಗಿದ ಮೇಲೆ ಮೇಡಂ ಎರಡನೇ ವಿಷಯಕ್ಕೆ ಬಂದರು. ಇಪ್ಪತ್ತೆರಡು ವರ್ಷ ದುಡಿದವರನ್ನು ಸುಮ್ಮನೆ ತೆಗೆಯಲು ಆಗುವುದಿಲ್ಲ, ಫೈಲಿನಲ್ಲಿ ಒಂದು ಕಾರಣ ಬೇಕು. ಜುಲೈ ಮೊದಲ ವಾರ ಆಡಳಿತ ಮಂಡಳಿಯವರು ಬರುತ್ತಾರೆ. ಅವರ ಎದುರು ಇಬ್ಬರು ಸಂಗೀತದ ಟೀಚರುಗಳೂ ಒಂದೊಂದು ಧಾಟಿಯನ್ನು ಕೇಳಿಸಿಕೊಂಡು, ಇಪ್ಪತ್ತು ನಿಮಿಷದಲ್ಲಿ ಕಂಪ್ಯೂಟರಿಗೆ ಹಾಕಿ ನುಡಿಸಬೇಕು. ಮೇಡಂಗೆ ಸಂಗೀತ ಗೊತ್ತಿಲ್ಲ. ಹಾಗಾಗಿ ನನಗೆ ಧಾಟಿ ಕೊಡುವವರು ರಾವ್ ಸರ್, ಅವರಿಗೆ ಕೊಡುವವಳು ನಾನು. "ಬಿಲ್ಕುಲ್ ಫೇರ್," ಎಂದರು ಮೇಡಂ.

ರಾವ್ ಸರ್‌ಗೆ ಅದನ್ನು ಪರೀಕ್ಷೆ ಎಂದು ಹೇಳಿರಲಿಲ್ಲ. ಮಂಡಳಿಯವರ ಎದುರು ಒಂದು ಪ್ರದರ್ಶನ ಎಂದಷ್ಟೇ ಮೇಡಂ ಹೇಳಿದ್ದರು. ಅವರು ಹಿಗ್ಗಿಹೋದರು. ಹೊಸ ಜುಬ್ಬಾ ಇಸ್ತ್ರಿ ಮಾಡಿಸಿದರು. ಹಿಂದಿನ ದಿನ ನನಗೆ ಫೋನ್ ಮಾಡಿ, "ನಿನಗೆ ಸುಲಭದ್ದು ಕೊಡ್ತೀನಿ, ಹೆದರಬೇಡ. ಮೋಹನ, ಆದಿತಾಳ, ಸಮದಲ್ಲೇ ಎತ್ತೋದು, ಮೊದಲ ಪೆಟ್ಟಿಗೇ. ಕೇಳು" ಎಂದು ಫೋನಿನಲ್ಲೇ ಪೂರ್ತಿ ಹಾಡಿ ತೋರಿಸಿದರು. "ಇಬ್ಬರೂ ಚೆನ್ನಾಗಿ ಮಾಡಿದ್ರೆ ಮುಂದಿನ ವರ್ಷ ನಿನ್ನನ್ನ ಖಾಯಂ ಮಾಡಿ ಅಂತ ನಾನೇ ಮಂಡಳಿಯವರ ಹತ್ರ ಕೇಳ್ತೀನಿ. ಸರಿ, ನಿನ್ನದು ಯಾವ ತಾಳ?"

"ಆದಿ, ಸರ್" ಎಂದೆ.

"ಅಚ್ಛಾ, ಆದಿ. ಸುಲಭವಾಯ್ತು." ಅವರು ಫೋನ್ ಇಟ್ಟರು.

ತಾಳ ಆದಿಯೇ. ಎತ್ತುವುದು ಮಾತ್ರ ಒಂದೂವರೆ ಎಣಿಕೆ ಬಿಟ್ಟು. ಅದನ್ನು ಮೂರು ದಿನ ಕೂತು ಕಟ್ಟಿದ್ದೆ. ಮಾಮೂಲಿ ಕಿವಿಗೆ ತಪ್ಪು ಗೊತ್ತಾಗದೆ ಹೋದೀತೆಂದು, ಇಬ್ಬರ ಹಾಳೆಯ ಕೆಳಗೂ ಢೋಲಕ್ಕಿನ ಒಂದು ಸಾಲನ್ನು ಮೊದಲೇ ಹಾಕಿಟ್ಟಿರೋಣ ಎಂದು ಮೇಡಂಗೆ ಸೂಚಿಸಿದವಳೂ ನಾನೇ. ಢೋಲಕ್ ಇದ್ದರೆ ಯಾರಿಗಾದರೂ ತಿಳಿಯುತ್ತದೆ. ಬೇರೆ ಯಾವ ಧಾಟಿ ಕೊಟ್ಟಿದ್ದರೂ ಅವರು ಹಾಕಿಬಿಡುತ್ತಿದ್ದರು. ನನಗದು ಚೆನ್ನಾಗಿ ಗೊತ್ತಿತ್ತು, ಕಲಿಸಿದವಳೇ ನಾನಲ್ಲವೇ.

ಆ ಬೆಳಗ್ಗೆ ಮೊದಲ ಮಳೆ ಬಿದ್ದು ರಸ್ತೆಗಳೆಲ್ಲ ಕೆರೆಯಾಗಿದ್ದವು. ಮಂಡಳಿಯವರು ತಡವಾಗಿ, ಒದ್ದೆ ಬೂಟುಗಳಲ್ಲಿ ಬಂದು ಸಭಾಂಗಣದ ಮುಂದಿನ ಸಾಲಿನಲ್ಲಿ ಕೂತರು; ಐದು ಜನ. ಹಿಂದೆ ಟೀಚರುಗಳು. ಮೇಡಂ ಮೊದಲು ಪರದೆಯ ಮೇಲೆ ಹಾಡುಗಳ ಸಂಗ್ರಹ ತೋರಿಸಿದರು. ಪ್ರಾರ್ಥನೆಯ ಪುಟ ತೆರೆದುಕೊಂಡಿತು. ರಚನೆ ಎಂಬ ಕಡೆ ಶಾಲೆಯ ಹೆಸರು. ರಾವ್ ಸರ್ ಮುಂದೆ ಬಗ್ಗಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ನನ್ನ ಕಡೆ ತಿರುಗಿ, "ಹೆಸರು ಬಂದಿಲ್ವಲ್ಲಮ್ಮ, ಏನೋ ತಪ್ಪಾಗಿದೆ" ಎಂದು ಪಿಸುಗುಟ್ಟಿದರು. "ಆಮೇಲೆ ನೋಡ್ತೀನಿ ಸರ್" ಎಂದೆ.

ನನ್ನ ಸರದಿ ಮೊದಲು. ಅವರು ಹಾಡಿದರು, ನಾನು ಎಂಟು ನಿಮಿಷದಲ್ಲಿ ಮುಗಿಸಿದೆ. ಢೋಲಕ್ಕಿನ ಜೊತೆ ಮೋಹನ ಸಲೀಸಾಗಿ ಹರಿಯಿತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ರಾವ್ ಸರ್.

ಆಮೇಲೆ ನಾನು ಹಾಡಿದೆ. ಅವರು ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿದರು. ನಾನು ಎತ್ತಿದ ಜಾಗಕ್ಕೆ ಅವರ ತಲೆ ಸಣ್ಣಗೆ ಆಡಿತು; ಚೆನ್ನಾಗಿದೆ ಎನ್ನುವ ಹಾಗೆ. ಎರಡನೇ ಸಲ ಕೇಳುವ ಅಗತ್ಯ ಅವರಿಗೆ ಬೀಳಲಿಲ್ಲ. ಒಂದು ಬೆರಳಿನಿಂದ ಶುರು ಮಾಡಿದರು. ಮೊದಲ ಸ್ವರವನ್ನು ಮೊದಲ ಪೆಟ್ಟಿನ ಮೇಲೆಯೇ ಇಟ್ಟರು.

ನಾನು ಅದನ್ನು ದೊಡ್ಡ ಪರದೆಯ ಮೇಲೆ ನೋಡಿದೆ. ಆಗ ಇನ್ನೂ ಹದಿನೇಳು ನಿಮಿಷ ಇತ್ತು.

ಹದಿಮೂರನೇ ನಿಮಿಷಕ್ಕೆ ಎಲ್ಲ ಸ್ವರಗಳೂ ಮುಗಿದವು. ಒಂದೂ ತಪ್ಪಿರಲಿಲ್ಲ. ಅವರು ನಗುತ್ತಾ ಗುಂಡಿ ಒತ್ತಿದರು. ಢೋಲಕ್ ಒಂದು ಕಡೆ ಹೋಯಿತು, ಹಾಡು ಇನ್ನೊಂದು ಕಡೆ. ಪೆಟ್ಟು ಬೀಳಬೇಕಾದಲ್ಲಿ ಸ್ವರವಿಲ್ಲ, ಸ್ವರ ನಿಲ್ಲಬೇಕಾದಲ್ಲಿ ಪೆಟ್ಟು. ಮಂಡಳಿಯ ಒಬ್ಬರು ಮೊದಲು ತಾಳ ಹಾಕಲು ಹೋಗಿ ಕೈ ತಪ್ಪಿ, "ಅರೇ, ಯೇ ತೋ ಲಂಗಡಾ ರಹಾ ಹೈ!" ಕುಂಟುತ್ತಿದೆಯಲ್ಲ ಇದು, ಎಂದು ಗಟ್ಟಿಯಾಗಿ ನಕ್ಕರು. ಆ ನಗು ಹಿಂದಿನ ಸಾಲುಗಳಿಗೂ ಹಬ್ಬಿತು.

ರಾವ್ ಸರ್‌ಗೆ ತಪ್ಪು ಏನೆಂದು ತಕ್ಷಣ ತಿಳಿಯಿತು. ಮುಂದೆ ಮೌನ ಸೇರಿಸಲು ಹೋದರು. ಅದು ಮೊದಲ ಸ್ವರವನ್ನು ನುಂಗಿತು. ವಾಪಸ್ ತೆಗೆದರು. ಮತ್ತೆ ಹಾಕಿದರು, ಮತ್ತೆ ನುಂಗಿತು. ಆತುರದಲ್ಲಿ ಮೌಸ್ ಎಲ್ಲೋ ಒತ್ತಿಹೋಗಿ, ಒಂದು ಇಡೀ ಸಾಲು ಮಾಯವಾಯಿತು. ಮತ್ತೊಮ್ಮೆ ನಗು. ಅವರು ಕುರ್ಚಿಯಲ್ಲೇ ತಿರುಗಿ ನನ್ನನ್ನು ಹುಡುಕಿದರು.

"ವಸುಧಾ, ಅದು ಹ್ಯಾಗೆ... ನೀನು ದಿನಾ ಮಾಡ್ತಿದ್ದೆಯಲ್ಲ, ಅದು ಹ್ಯಾಗಮ್ಮ?"

ಮೇಡಂ ನನ್ನ ಕಡೆ ಬಾಗಿ, "ಕ್ಯಾ ಕಹ್ ರಹೇ ಹೈಂ?" ಏನು ಹೇಳುತ್ತಿದ್ದಾರೆ, ಎಂದು ಕೇಳಿದರು.

ಎಲ್ಲರಿಗೂ ಕೇಳುವಂತೆ ನಾನು ಹೇಳಿದೆ, "ಉನ್ಹೇಂ ಯೇ ನಹೀಂ ಆತಾ, ಮ್ಯಾಮ್." ಅವರಿಗೆ ಇದು ಬರುವುದಿಲ್ಲ.

ಮೂವತ್ತು ವರ್ಷ ದಿಲ್ಲಿಯಲ್ಲಿದ್ದವರಿಗೆ ಅಷ್ಟು ಹಿಂದಿ ಅರ್ಥವಾಗದೆ ಇರುತ್ತದೆಯೇ? ಅವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಪರದೆಯ ಕಡೆ ತಿರುಗಿ, ಉಳಿದ ಸಮಯದಲ್ಲಿ ಏನನ್ನೂ ಮುಟ್ಟದೆ ಕೈ ಕಟ್ಟಿ ಕೂತರು.

ಮುಗಿದ ಮೇಲೆ ಕಾರಿಡಾರಿನಲ್ಲಿ ಎದುರಾದರು. ಹೊಸ ಜುಬ್ಬಾದ ಬೆನ್ನು ಬೆವರಿಗೆ ಅಂಟಿತ್ತು. "ಒಂದೂವರೆ ಎಣಿಕೆ" ಎಂದರು. "ಒಳ್ಳೆ ಧಾಟಿ. ನೀವು ಕಟ್ಟಿದ್ದಾ?"

"ಹೌದು ಸರ್."

"ಮೂರು ದಿನ ಆಗಿರಬೇಕಲ್ಲ, ಇಷ್ಟು ಅಚ್ಚುಕಟ್ಟಾಗಿ ಕಟ್ಟೋಕೆ?"

ಅವರು ಛತ್ರಿ ಬಿಚ್ಚಿಕೊಂಡು ನೀರು ನಿಂತ ಗೇಟಿನ ಕಡೆ ಹೊರಟರು. ಮಾರನೆಯ ವಾರ ಅವರಿಗೆ ಪತ್ರ ಹೋಯಿತು, ನನಗೂ ಬಂತು. ಡೈರಿಗಳು ನನ್ನ ಕಪಾಟಿನಲ್ಲೇ ಉಳಿದವು.

ಸೆಪ್ಟೆಂಬರಿನಲ್ಲಿ ನಾನು ಅವರ ಮನೆಗೆ ಹೋದೆ. ಪಶ್ಚಾತ್ತಾಪದಿಂದ ಹೋದೆ ಎಂದು ಬರೆಯಲು ಆಸೆಯಿದೆ, ಹಾಗಲ್ಲ. ಬೀಳ್ಕೊಡುಗೆಯ ಹಾಡಿನ ಕೊನೆಯ ಚರಣ ಡೈರಿಯಲ್ಲಿ ಇರಲಿಲ್ಲ. ಬೇಸಿಗೆಯಲ್ಲಿ ಕೇಳಿದಾಗ "ಅದು ನೆನಪಲ್ಲಿದೆ, ಆಮೇಲೆ ಹೇಳ್ತೀನಿ" ಎಂದಿದ್ದರು. ಆರ್ಕೆಸ್ಟ್ರಾದ ಅಭ್ಯಾಸ ಶುರುವಾದಾಗ ಅದು ಮೇಡಂ ಕಣ್ಣಿಗೆ ಬಿತ್ತು. "ಹೋಗಿ ಕೇಳಿಕೊಂಡು ಬನ್ನಿ, ನಿಮ್ಮವರೇ ತಾನೇ" ಎಂದರು. ಡೈರಿ ಹಿಂದಿರುಗಿಸುವ ನೆಪ ಇಟ್ಟುಕೊಂಡು ಹೊರಟೆ.

ಪದ್ಮಾ ಆಂಟಿ ಬಾಗಿಲು ತೆಗೆದವರೇ, "ಬಾಮ್ಮ ಬಾ, ಎಷ್ಟು ದಿನ ಆಯ್ತು!" ಎಂದು ಕೈ ಹಿಡಿದು ಒಳಗೆ ಕರೆದರು. "ನೀನಾದ್ರೂ ಇದ್ದೆಯಲ್ಲ ಅಲ್ಲಿ. ಇವರಿಗೆ ಕಂಪ್ಯೂಟರ್ ಕಲಿಸೋಕೆ ನೀನು ಎಷ್ಟು ಒದ್ದಾಡಿದೆ ಅಂತ ಇವರೇ ಹೇಳಿದ್ರು." ಅವರಿಗೆ ಏನೂ ಗೊತ್ತಿರಲಿಲ್ಲ. ಕಾಫಿಗೆ ಹಾಲಿಡಲು ಒಳಗೆ ಹೋದರು.

ರಾವ್ ಸರ್ ನಡುಮನೆಯಲ್ಲಿ ಊಟದ ಮೇಜಿನ ಮುಂದೆ ಕೂತಿದ್ದರು. ಸ್ವಲ್ಪ ಸೊರಗಿದ್ದರು. ಡೈರಿಗಳನ್ನು ತೆಗೆದುಕೊಂಡು ಪಕ್ಕದಲ್ಲಿಟ್ಟರು, ಬಿಚ್ಚಿ ನೋಡಲಿಲ್ಲ. ನಾನು ನಾಚಿಕೆ ಬಿಟ್ಟು ಚರಣದ ವಿಷಯ ಎತ್ತಿದೆ.

"ಓ, ಅದಾ" ಎಂದರು. "ನೋಡೋಣ. ಮೊದಲು ನಂದೊಂದು ಪಾಠ ಉಳಿದುಬಿಟ್ಟಿದೆ." ಒಳಕೋಣೆಯ ಕಡೆ ತಿರುಗಿ ಮಗಳನ್ನು ಕರೆದರು. "ಮೇಘನಾ, ನಿನ್ನ ಲ್ಯಾಪ್‌ಟಾಪ್ ಕೊಡು."

ಕಾಲೇಜಿಗೆ ಹೋಗುವ ಹುಡುಗಿ ಅದನ್ನು ತಂದಿಟ್ಟು, "ಅಪ್ಪಾ, ಮೇರಾ ಅಸೈನ್‌ಮೆಂಟ್ ಖುಲಾ ಹೈ, ಕ್ಲೋಸ್ ಮತ್ ಕರ್ನಾ" ನನ್ನ ಅಸೈನ್‌ಮೆಂಟ್ ತೆರೆದಿದೆ, ಮುಚ್ಚಬೇಡಿ, ಎಂದು ಹೇಳಿ ಒಳಗೆ ಹೋದಳು.

ರಾವ್ ಸರ್ ತಮ್ಮ ಖಾತೆ ತೆರೆದರು. ಬೇಸಿಗೆಯ ಹಾಡುಗಳೆಲ್ಲ ಶಾಲೆಯ ಖಾತೆಯಲ್ಲೇ ಉಳಿದಿದ್ದವು; ಇಲ್ಲಿ ಒಂದೇ ಒಂದು ಹಾಳೆ ಇತ್ತು. ನನ್ನ ಧಾಟಿ. ಅಂದು ಒಮ್ಮೆ ಮಾತ್ರ ಕೇಳಿದ್ದನ್ನು ಮನೆಗೆ ಬಂದು ಪೂರ್ತಿ ಹಾಕಿಟ್ಟಿದ್ದರು. ಮೊದಲ ಸ್ವರ ಮೊದಲ ಪೆಟ್ಟಿನ ಮೇಲೆಯೇ ಇತ್ತು.

"ಇದನ್ನ ಸರಿ ಮಾಡಿ ತೋರಿಸಿ. ಮೆಲ್ಲಗೆ. ನಾನು ನೀರು ಕುಡಿಯೋಕೆ ಎದ್ದು ಹೋಗಲ್ಲ."

ನಾನು ಎಲ್ಲವನ್ನೂ ಆರಿಸಿದೆ, ಕತ್ತರಿಸಿದೆ. ಒಂದೂವರೆ ಎಣಿಕೆ ಆಚೆ ಅಂಟಿಸಿದೆ. ಸ್ವರಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು.

ಅವರು ಪರದೆಯನ್ನು ನೋಡುತ್ತಿದ್ದರು.

"ಇಷ್ಟೇನಾ?"

"ಇಷ್ಟೇ ಸರ್."

ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡು, ನಾನು ಮಾಡಿದ್ದನ್ನು ಅಳಿಸಿ, ತಾವೇ ಮಾಡಿದರು. ಅಳಿಸಿ ಇನ್ನೊಮ್ಮೆ ಮಾಡಿದರು. ಮೂರನೇ ಸಲಕ್ಕೆ ಬೆರಳು ತಡವರಿಸಲಿಲ್ಲ. ಗುಂಡಿ ಒತ್ತಿ ಕೊನೆಯವರೆಗೂ ಕೇಳಿದರು. ಹಾಡು ತಾಳದ ಮೇಲೆ ಸರಿಯಾಗಿ ಕೂತು ಮುಗಿಯಿತು.

"ಸರ್, ಆ ಚರಣ..." ಎಂದೆ.

ಅವರು ಲ್ಯಾಪ್‌ಟಾಪ್ ಮುಚ್ಚಿದರು. ನನ್ನ ಕಡೆ ನೋಡದೆ ಅಡುಗೆಮನೆಗೆ ಕೇಳುವಂತೆ ಹೇಳಿದರು, "ಪದ್ಮಾ, ಇವರಿಗೆ ಕುಂಕುಮ ಕೊಟ್ಟು ಕಳಿಸು. ಹೊರಟಿದ್ದಾರೆ."

"ಅಯ್ಯೋ, ಹಾಲು ಈಗ ತಾನೇ ಇಟ್ಟಿದ್ದೀನಿ. ಕಾಫಿ ಕುಡಿದು ಹೋಗಲಿ" ಎಂದರು ಆಂಟಿ ಒಳಗಿನಿಂದ.

"ಇಲ್ಲ, ಅವರಿಗೆ ಹೊತ್ತಾಯ್ತು."

ಆಂಟಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ತಟ್ಟೆ ಹಿಡಿದು ಬಂದರು. ನಾನಿನ್ನೂ ಕುರ್ಚಿಯಿಂದ ಎದ್ದಿರಲಿಲ್ಲ. ಎದ್ದು, ಹಣೆಗೆ ಇಟ್ಟುಕೊಂಡು, ಎಲೆ ಅಡಿಕೆ ರವಿಕೆಬಟ್ಟೆ ತೆಗೆದುಕೊಂಡು, ಬಗ್ಗಿ ಆಂಟಿಯ ಕಾಲು ಮುಟ್ಟಿದೆ. "ದೀರ್ಘ ಸುಮಂಗಲಿಯಾಗಿರಮ್ಮ, ಇನ್ನೂ ದೊಡ್ಡ ಹೆಸರು ಬರಲಿ" ಎಂದು ಅವರು ತಲೆಯ ಮೇಲೆ ಕೈ ಇಟ್ಟರು.